ಆಚೆ ದಡದ ಹಲ್ಲಿನ ವ್ಯಾನು

೨೦೨೪ ನವೆಂಬರ್ ೧೯, ಮಂಗಳವಾರ, ಬೆಳಿಗ್ಗೆ ಹತ್ತು ನಲವತ್ತು. ಹಲ್ಲಿನ ಶಿಬಿರದ ವ್ಯಾನು ಆಚೆ ದಡದಲ್ಲಿ ನಿಂತಿತ್ತು; ನನ್ನ ಶಾಲೆಯ ಹನ್ನೊಂದು ಮಕ್ಕಳು ಈಚೆ ದಡದಲ್ಲಿ. ಅಣೆಕಟ್ಟೆ ತುಂಬಿದಾಗ ಸಿರುಮುಗೈ ರಸ್ತೆ ಮುಳುಗಿ, ಈ ನೇಕಾರರ ಊರು ಮೂರು ತಿಂಗಳು ದ್ವೀಪವಾಗುತ್ತದೆ. ಆಗ ದಾಟಲು ಪರಿಸಲು ಎಂಬ ಹರಿಗೋಲೊಂದೇ ದಾರಿ.

ಫೋನ್ ಮಾಡಿದೆ.

"ಪರಿಸಲಿನಲ್ಲಿ ಮಕ್ಕಳನ್ನು ದಾಟಿಸಬೇಡಿ ಮೇಡಂ, ಅಪಾಯ," ಎಂದರು ಶಿಬಿರದವರು.

"ಹಾಗಾದರೆ ನೀವೇ ಬನ್ನಿ."

"ನಮಗೂ ಅಪಾಯವೇ ಅಲ್ಲವಾ?"

ಏಳು ವರ್ಷದ ಕೃತ್ತಿಕಾಳ ಕೆನ್ನೆ ಊದಿ ನಾಲ್ಕು ದಿನವಾಗಿತ್ತು. ಕೆಟ್ಟದ್ದು ಕಾಯಂ ದವಡೆಹಲ್ಲು. ಕಿತ್ತರೆ ಮತ್ತೆ ಬಾರದು. ಜೂನ್‌ನಲ್ಲಿ, ರಸ್ತೆ ಒಣಗಿದ್ದಾಗ, ತೂತು ಸಾಸಿವೆಯಷ್ಟಿತ್ತು. ಆಗಲೇ ಶಿಬಿರದವರಿಗೆ ಪತ್ರ ಬರೆದಿದ್ದೆ. 'ನಿಮ್ಮ ಸರದಿ ನವೆಂಬರ್' ಎಂದು ಉತ್ತರ ಬಂದಿತ್ತು.

"ನಂದೇ ತಪ್ಪು ಮಿಸ್," ಎಂದಳು ತಾಯಿ ಸಾಂತಿ.

ಇಲ್ಲಿ ತೊಟ್ಟಿಲ ಹಗ್ಗವನ್ನು ಮಗ್ಗದಡಿ ಕಾಲಲ್ಲಿ ತುಳಿಯುವ ಮಣೆಗೆ ಕಟ್ಟುತ್ತಾರೆ. ನೇಯ್ದಷ್ಟು ಹೊತ್ತೂ ತೊಟ್ಟಿಲು ತೂಗುತ್ತದೆ, ಕೂಸಿನ ಬಾಯಲ್ಲಿ ಸಕ್ಕರೆ ಹಾಲಿನ ಬಾಟಲಿ. ಕೃತ್ತಿಕಾಳ ಹಾಲುಹಲ್ಲುಗಳು ಹಾಗೆಯೇ ಕರಗಿದ್ದವು. ಹುಳುಕು ಪಕ್ಕದ ಹೊಸ ಹಲ್ಲಿಗೂ ಹಿಡಿದಿತ್ತು.

"ಬಾಟಲಿಯಿಂದ ಹಲ್ಲು ಹೋಗುತ್ತೆ ಅಂತ ನಿನಗೆ ಹೇಳಿದ್ದು ಯಾರು?"

"ನೀವು ಮಿಸ್. ಹೋದ ವರ್ಷ. ಅಷ್ಟರಲ್ಲಿ ಹೋಗಿಬಿಟ್ಟಿತ್ತು."

ಅವಳ ಗಂಡ ತಂಗವೇಲು ಪರಿಸಲನ್ನು ನೀರಿಗೆ ತಳ್ಳಿದ. "ಡಾಕ್ಟರ ಷೂ ನೆನೀತದೇನೋ, ಪಾಪ! ಏರು ಕಂದ, ನಾವೇ ಹೋಗೋಣ."

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನೂ ಹತ್ತಿದೆ. ನಡುನೀರಿಗೆ ಬಂದಾಗ ವ್ಯಾನು ಹೊರಟಿತು. ತಂಗವೇಲು ಹುಟ್ಟು ಎತ್ತಿ ಬೀಸಿ ಕೂಗಿದ. ಒಳಗಿನಿಂದ ಯಾರೋ ನಗುತ್ತ ಕೈ ಬೀಸಿದರು.

ಎರಡು ಬಸ್ಸು ಹಿಡಿದು ಸರ್ಕಾರಿ ಆಸ್ಪತ್ರೆ ಮುಟ್ಟಿದೆವು. ಹಲ್ಲು ಉಳಿಯಲಿಲ್ಲ.

ಹತ್ತಿ ಕಚ್ಚಿಕೊಂಡೇ ಕೃತ್ತಿಕಾ ಕೇಳಿದಳು: "ಮಿಸ್, ಹೊಸದು ಯಾವಾಗ ಬರುತ್ತೆ?"

ವಿಜ್ಞಾನ ಕಲಿಸುವವಳು ನಾನು. ಬರುವುದಿಲ್ಲ ಎಂದೆ.

ಶುಕ್ರವಾರ ಶಿಬಿರದ ವರದಿ ನನ್ನ ಸಹಿಗೆಂದು ಬಂತು. ಹಾಜರಾದ ಮಕ್ಕಳು: ಸೊನ್ನೆ. ಕಾರಣ: ಪೋಷಕರ ನಿರ್ಲಕ್ಷ್ಯ.

ಸಾಂತಿಗೆ ಓದಿ ಹೇಳಲಿಲ್ಲ. ತಂಗವೇಲುವಿನ ಹತ್ತಿರ ಒಂದು ಉಂಡೆ ನೂಲು ಕೇಳಿದೆ. ಒಂದು ತುದಿಯನ್ನು ಈಚೆ ನೀರಂಚಿನ ಬೇವಿನ ಮರಕ್ಕೆ ಕಟ್ಟಿ, ಪರಿಸಲಿನಲ್ಲಿ ದಾಟುತ್ತ, ಸಡಿಲ ಬಿಡದೆ, ವ್ಯಾನು ನಿಂತಿದ್ದ ಜಾಗದವರೆಗೆ ಎಳೆದೆವು. ಅಲ್ಲಿ ಕತ್ತರಿಸಿ, ತಂದು, ಮಗ್ಗದ ಹಾಸುನೂಲು ಸುತ್ತುವ ಅವನ ದೊಡ್ಡ ರಾಟೆಗೆ ಸುತ್ತಿದೆವು. ಆ ರಾಟೆಯ ಒಂದು ಸುತ್ತಿಗೆ ನಾಲ್ಕು ಮೀಟರ್. ನಲವತ್ತಾರು ಸುತ್ತು ಬಂತು. ಇಷ್ಟೇನಾ ಎಂದು ನನಗೆ ನಂಬಿಕೆಯಾಗದೆ ಮತ್ತೊಮ್ಮೆ ಸುತ್ತಿಸಿದೆ. ಅಷ್ಟೇ ಬಂತು.

'ಪೋಷಕರ ನಿರ್ಲಕ್ಷ್ಯ' ಎಂಬುದನ್ನು ಹೊಡೆದುಹಾಕಿ, ಅದೇ ಸಾಲಿನಲ್ಲಿ ಬರೆದು ಸಹಿ ಮಾಡಿದೆ: ನೀರಿನ ಅಗಲ, ೧೮೪ ಮೀಟರ್.