ಸೀಟು ಬದಲಿಸಿದ ಅಕ್ಷರಗಳು

ತಾತನಿಗೆ ವಯಸ್ಸಾಯಿತು, ಕಂಡದ್ದು ಕಾಣದ್ದು ಎಲ್ಲಾ ಕಲಸಿ ಹೇಳುತ್ತಾನೆ ಎಂದು ಹೋದ ಸಲ ಗ್ರೂಪಿನಲ್ಲಿ ಹಾಕಿದವರು ಸ್ವಲ್ಪ ಮುಚ್ಚಿಕೊಂಡು ಕೇಳಿ. ಹೆಂಡತಿಯ ಫೋನ್ ನಂಬರು ನಿಮಗೆ ಬಾಯಿಗೆ ಬರುವುದಿಲ್ಲ, ನನ್ನ ನೆನಪಿಗೆ ಪರೀಕ್ಷೆ ಇಡುತ್ತೀರಿ. ಹುಣಸೂರಿನ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಚಿಕ್ಕಬಸಪ್ಪನವರ ಪ್ರೆಸ್ಸಿತ್ತಲ್ಲ, ಅದರ ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು, ಒಳಗಿದ್ದ ಒಂದೇ ಒಂದು ಫ್ಯಾನು ಯಾರ ತಲೆಯ ಮೇಲೆ ಕಿರುಗುಟ್ಟುತ್ತಿತ್ತು, ಎಲ್ಲವನ್ನೂ ಹೇಳುತ್ತೇನೆ. ಮರೆತವನು ನಾನಲ್ಲ, ಮಲ್ಲೇಶ. ಮರೆತು ಅವನು ಪಟ್ಟ ಪಾಡೇ ಈ ಕಥೆ. ವಾಯ್ಸ್ ಮೆಸೇಜು ಉದ್ದವಾಯಿತು ಅಂತ ಓಡಿಸಿಕೊಂಡು ಕೇಳಬೇಡಿ, ನನ್ನ ದನಿ ಕೋತಿಯ ದನಿಯಾಗುತ್ತದೆ.

ಮಲ್ಲೇಶ ಆ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಮ್ಯಾಟರ್ ಹೊಂದಿಸುವವನು. ಮದುವೆ ಪತ್ರಿಕೆ, ಹಾಲಿನ ಸೊಸೈಟಿಯ ವರದಿ, ಸ್ಕೂಲಿನ ಸಂಚಿಕೆ ಎಲ್ಲವೂ ಬರುತ್ತಿದ್ದವು. ಆದರೆ ಪ್ರೆಸ್ಸು ಉಸಿರಾಡುತ್ತಿದ್ದದ್ದು ಸಾವಿನಿಂದ. ನಮ್ಮ ಲಿಂಗಾಯತರ ಮನೆಗಳಲ್ಲಿ ಯಾರಾದರೂ ಲಿಂಗೈಕ್ಯರಾದರೆ, ಶಿವಗಣಾರಾಧನೆಯ ಊಟ ಮುಗಿಸಿ ಏಳುವವರ ಕೈಗೆ ಒಂದು ಸಣ್ಣ ವಚನದ ಪುಸ್ತಕ ಕೊಡುವ ರೂಢಿಯನ್ನು ಚಿಕ್ಕಬಸಪ್ಪನವರು ಮನೆಮನೆಗೆ ಹಬ್ಬಿಸಿದ್ದರು. ಒಳಗಿನ ವಚನಗಳು ಯಾವತ್ತೂ ಅವೇ. ಬದಲಾಗುವುದು ರಟ್ಟಿನ ಮೇಲಿನ ಫೋಟೊ, ಹೆಸರು, ಕೆಳಗೆ ಮಕ್ಕಳು ಮೊಮ್ಮಕ್ಕಳ ಸಾಲು. ಪಿರಿಯಾಪಟ್ಟಣದಲ್ಲಿ ಸತ್ತರೂ, ಚುಂಚನಕಟ್ಟೆಯ ಗದ್ದೆಬಯಲಲ್ಲಿ ಸತ್ತರೂ, ಎಚ್.ಡಿ. ಕೋಟೆ ಕಡೆ ಸತ್ತರೂ ಮೊದಲು ಸ್ವಾಮಿಗಳಿಗೆ ಹೇಳಿಕಳಿಸಿ ಆಮೇಲೆ ಮಲ್ಲೇಶನಿಗೆ ಫೋನು. ಸಾವು ಭಾನುವಾರ ನೋಡಿಕೊಂಡು ಬರುವುದಿಲ್ಲ.

ಅವನ ಹೆಂಡತಿ ಉಷಾರಾಣಿ ಹಂಪಾಪುರದ ಆಸ್ಪತ್ರೆಯಲ್ಲಿ ನರ್ಸು. ಮಗಳು ಮಧುಶ್ರೀಯನ್ನು ಕಟ್ಟಿಕೊಂಡು ಅಲ್ಲೇ ಬಾಡಿಗೆ ಮನೆಯಲ್ಲಿದ್ದಳು. ಮಲ್ಲೇಶ ಹುಣಸೂರಿನ ಪ್ರೆಸ್ಸಿನ ಅಟ್ಟದಲ್ಲಿ ಮಲಗಿ, ವಾರಕ್ಕೊಮ್ಮೆ ಹಂಪಾಪುರದ ದಾರಿ ಹಿಡಿಯುತ್ತಿದ್ದ. ಎಷ್ಟೋ ಸಲ ಕೈ ತೊಳೆದು ಊಟಕ್ಕೆ ಕೂರುವಷ್ಟರಲ್ಲಿ ಫೋನು ಬಡಿದುಕೊಂಡು, ವಾಪಸು ಬಸ್ಸು ಹತ್ತುತ್ತಿದ್ದ.

"ಸತ್ತೋರಿಗಾದ್ರೂ ಬಿಡುಗಡೆ ಐತೆ ಕಣ್ರೀ, ನಿಮಗೆ ಅದೂ ಇಲ್ಲ," ಎಂದಳು ಒಂದು ದಿನ ಉಷಾರಾಣಿ. "ಪಂಚಾಯ್ತಿ ಆಫೀಸ್ ಮುಂದೆ ಮಳಿಗೆ ಖಾಲಿ ಐತೆ. ನಿಮ್ಮದೇ ಒಂದು ಅಂಗಡಿ ಇಟ್ಕೊಳ್ಳಿ. ಸ್ಕೂಲು ಶುರುವಾಗೋ ಹೊತ್ಗೆ ಬಂದ್ರೆ ಸರಿ. ಇಲ್ದಿದ್ರೆ ಆ ಅಟ್ಟದಲ್ಲೇ ಸಂಸಾರ ಮಾಡ್ಕೊಳ್ಳಿ, ನಾನು ಇನ್ನು ಕರಿಯಾಕಿಲ್ಲ."

ಅವಳು ಸುಮ್ಮನೆ ಹೇಳುವ ಹೆಂಗಸಲ್ಲ. ಮಲ್ಲೇಶನಿಗೆ ಅದು ಗೊತ್ತಿತ್ತು. ಬರಲು ಅವನಿಗೂ ಆಸೆಯಿತ್ತು. ಬರಲಾಗುತ್ತಿರಲಿಲ್ಲ, ಯಾಕೆಂದರೆ ಅವನನ್ನು ಕಟ್ಟಿಹಾಕಿದ್ದ ಹಗ್ಗವನ್ನು ಹೊಸೆದವನು ಅವನೇ.

ಅದು ಹೀಗೆ. ಪ್ರೆಸ್ಸಿನ ಸಾಫ್ಟ್‌ವೇರು ಮುದಿ ಎತ್ತು. ಹೊಸ ಕಾಲದ ಕನ್ನಡ ಫಾಂಟು ಅದರ ಬಾಯಿಗೆ ಹಿಡಿಸುವುದಿಲ್ಲ. ಹೊಸ ಫಾಂಟಿನಲ್ಲಿ ಗುಣಿತಕ್ಕೊಂದು ಆಕಾರ, ಒತ್ತಿಗೊಂದು ಆಕಾರ, ಒಂದು ಮದುವೆ ದಿಬ್ಬಣದಷ್ಟು ಜನ. ಹಳೇ ಸಾಫ್ಟ್‌ವೇರಿನಲ್ಲಿ ಇರುವುದು ಒಂದು ಬಸ್ಸಿನಷ್ಟು ಸೀಟು. ಹಾಗಾಗಿ ಫಾಂಟನ್ನು ಬಿಚ್ಚಿ, ಯಾರು ಬೇಕು ಯಾರು ಬೇಡ ಎಂದು ಆರಿಸಿ, ತಲೆಕಟ್ಟನ್ನೂ ಒತ್ತನ್ನೂ ಬೇರೆ ಬೇರೆ ಮಾಡಿ, ಒಂದೊಂದನ್ನೂ ನಂಬರು ಹಾಕಿದ ಸೀಟಿನಲ್ಲಿ ಕೂರಿಸಬೇಕು. ಕೀಲಿ ಒತ್ತಿದರೆ ಕಂಪ್ಯೂಟರಿಗೆ ತಿಳಿಯುವುದು ಸೀಟಿನ ನಂಬರು ಮಾತ್ರ. ಅಲ್ಲಿ ಕೂತಿರುವವರು ಯಾರೋ ಅವರು ಕಾಗದದ ಮೇಲೆ ಬರುತ್ತಾರೆ. ಈ ಕೆಲಸದಲ್ಲಿ ಮಲ್ಲೇಶ ಪಳಗಿದ ಕೈ. ಸುತ್ತಮುತ್ತಲ ಡಿಟಿಪಿಯವರೆಲ್ಲ ಅಕ್ಷರಗಳನ್ನು ಒಂದೇ ಕ್ರಮದಲ್ಲಿ ಕೂರಿಸುತ್ತಾರೆ, ಮೊದಮೊದಲು ಅವನೂ ಹಾಗೇ ಕೂರಿಸುತ್ತಿದ್ದ.

ಆಗ ಬಂದ ಬಸವಪ್ರಸಾದ್. ಚಿಕ್ಕಬಸಪ್ಪನವರ ತಮ್ಮನ ಮಗ, ಮೈಸೂರಿನಲ್ಲಿ ಕಂಪ್ಯೂಟರ್ ಕಲಿತು ಬಂದವನು. ಮಲ್ಲೇಶ ಟೀ ಕುಡಿಯಲು ಎದ್ದರೆ ಸಾಕು, ಅವನ ಕುರ್ಚಿಯಲ್ಲಿ ಬಸವಪ್ರಸಾದ್. ಊಟಕ್ಕೆ ಹೋಗಿ ಬಂದರೆ ಕುರ್ಚಿಯಲ್ಲಿ ಬಸವಪ್ರಸಾದ್. ಮಲ್ಲೇಶನ ತಲೆಯಲ್ಲಿ ಅನುಮಾನದ ಹುಳ ಬಿತ್ತು. ರಕ್ತ ಸಂಬಂಧದ ಹುಡುಗ ಇರುವಾಗ ಹೊರಗಿನವನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದಿಲ್ಲವೇ, ಮಲ್ಲೇಶ ಹಾಗೆ ಮಾಡಿದ. ಕ ಕೂರುವ ಜಾಗದಲ್ಲಿ ಳ, ಳ ಕೂರುವಲ್ಲಿ ಒಂದು ಒತ್ತು, ಹೀಗೆ ಇಡೀ ಬಸ್ಸನ್ನೇ ಎಬ್ಬಿಸಿ ತನಗೆ ಮಾತ್ರ ಗೊತ್ತಿರುವಂತೆ ಕೂರಿಸಿದ. ಅವನ ಬೆರಳಿಗೆ ಅದು ಕೆಲವೇ ದಿನದಲ್ಲಿ ರೂಢಿಯಾಯಿತು. ಬೇರೆಯವರು ಕೀಲಿ ಒತ್ತಿದರೆ ಹುಚ್ಚರ ಸಂತೆ. ಅನುಮಾನ ಬಂದಾಗಲೆಲ್ಲ ಮತ್ತೊಮ್ಮೆ ಸೀಟು ಬದಲಿಸಿದ, ಫಾಂಟಿನ ಹೆಸರು ಮಾತ್ರ ಅದೇ. ವಚನದ ಪುಸ್ತಕವನ್ನೂ ಅದರಲ್ಲೇ ಹೊಸದಾಗಿ ಹೊಂದಿಸಿಟ್ಟ.

"ನೋಡ್ಲಾ ಪ್ರಸಾದ, ಮಲ್ಲೇಶನ್ ಬುಟ್ರೆ ಈ ಕೆಲ್ಸ ಯಾವನ ಕೈಲೂ ಆಗಾಕಿಲ್ಲ," ಎಂದರು ಚಿಕ್ಕಬಸಪ್ಪನವರು. ಅವತ್ತು ಮಲ್ಲೇಶನಿಗೆ ಹೋಳಿಗೆ ತಿಂದಂತಾಯಿತು. ಅದೇ ಮಾತು ಆಮೇಲೆ ಕುತ್ತಿಗೆಗೆ ಬಿತ್ತು.

ಕೆಲಸ ಬಿಡುತ್ತೇನೆ ಎಂದು ಬಾಯಿ ತೆರೆದಾಗ ಯಜಮಾನರು ಬೇಡ ಎನ್ನಲಿಲ್ಲ. ಎಲೆ ಅಡಿಕೆ ಮೆಲ್ಲುತ್ತಾ, "ಓಗ್ಲಾ ಮಲ್ಲೇಶ, ಹೆಂಡ್ರು ಮಕ್ಕಳ ಜೊತೆ ಇರು, ಯಾರ್ ಬ್ಯಾಡಾಂದ್ರು? ಇನ್ನೊಬ್ಬನಿಗೆ ಕಲಿಸ್ಬುಟ್ಟು ಓಗು, ಅಷ್ಟೇಯ," ಎಂದರು.

ಕಲಿಸುವುದೇನನ್ನು? ಕಲಿಸಿದರೆ ಮುಚ್ಚಿಟ್ಟದ್ದು ಹೊರಬೀಳುತ್ತದೆ. ಕೆ.ಆರ್. ನಗರದಿಂದ ಒಬ್ಬಳು ಹುಡುಗಿ ಬಂದಳು. ಒಂದು ಸಾಲು ಹೊಡೆದು, ಪರದೆ ನೋಡಿ, "ಸಾರ್, ಈ ಕಂಪ್ಯೂಟ್ರಿಗೆ ಏನೋ ಮೆಟ್ಕೊಂಡದೆ," ಎಂದು ಬ್ಯಾಗು ಎತ್ತಿಕೊಂಡಳು. ಬಂದವರೆಲ್ಲ ಹೀಗೇ ಹೋದರು. ಯಜಮಾನರು ಪ್ರತಿ ಸಲವೂ ಮಲ್ಲೇಶನ ಬೆನ್ನು ಸವರಿ, "ನೀನೇ ಗತಿ ಕಣ್ಲಾ," ಎನ್ನುತ್ತಿದ್ದರು. ಆ ಕೈ ಅವನಿಗೆ ನೊಗದ ಹಾಗೆ ಭಾರವಾಗುತ್ತಿತ್ತು. ಬೈದಿದ್ದರೆ ಜಗಳವಾಡಿ ಹೋಗಬಹುದಿತ್ತು.

ಶಾಲೆ ಶುರುವಾಗುವ ದಿನ ಹತ್ತಿರ ಬಂತು. ಕೊನೆಗೊಂದು ಶನಿವಾರ ಮಲ್ಲೇಶ ಗಟ್ಟಿ ಮನಸ್ಸು ಮಾಡಿದ. ಒಂದು ಹೊಸ ಫಾಂಟು ತಂದು, ಬಿಚ್ಚಿ, ಎಲ್ಲರಿಗೂ ಗೊತ್ತಿರುವ ಕ್ರಮದಲ್ಲಿ ನೆಟ್ಟಗೆ ಕೂರಿಸಿದ. ಹಳೆಯದರ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದೇನಲ್ಲ ಎಂಬ ಧೈರ್ಯದ ಮೇಲೆ, ಅದೇ ಹೆಸರಿನಲ್ಲಿ ಹೊಸದನ್ನು ಹಳೆಯದರ ಮೇಲೆ ಉಳಿಸಿದ. ಸೋಮವಾರ ಬಂದು ಪುಸ್ತಕವನ್ನು ಸರಿಮಾಡಿ, ಯಜಮಾನರ ಕಾಲು ಮುಟ್ಟಿ ಎಲ್ಲವನ್ನೂ ಹೇಳಿ, ಹೊರಟುಬಿಡುವುದು ಅವನ ಲೆಕ್ಕ.

ಭಾನುವಾರ ಬೆಳಿಗ್ಗೆ ಹಂಪಾಪುರದಲ್ಲಿ ತಟ್ಟೆಗೆ ಮುದ್ದೆ ಬಿತ್ತು, ಫೋನು ಹೊಡೆಯಿತು. ಚಿಕ್ಕಬಸಪ್ಪನವರ ಹೆಂಡತಿ ಸುಂದ್ರಮ್ಮ.

"ಯಾರಮ್ಮಾವ್ರೇ, ಯಾವೂರ್ನೋರು?" ಎಂದ ಮಲ್ಲೇಶ, ಅಭ್ಯಾಸ ಬಲದಲ್ಲಿ.

"ನಮ್ಮೋರೇ ಕಣಪ್ಪ," ಎಂದರು ಸುಂದ್ರಮ್ಮ. "ನಿನ್ ಯಜಮಾನ್ರು."

ಮಲ್ಲೇಶ, ಉಷಾರಾಣಿ ಇಬ್ಬರೂ ಹುಣಸೂರಿಗೆ ಹೊರಟು ಬಂದರು. ಪದ್ಧತಿಯಂತೆ ಚಿಕ್ಕಬಸಪ್ಪನವರನ್ನು ಹಜಾರದಲ್ಲಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಪೇಟ, ಎಡಗೈಯಲ್ಲಿ ಲಿಂಗ. ಪ್ರೆಸ್ಸಿನ ಗಲ್ಲಾದ ಮುಂದೆ ಕೂತಂತೆಯೇ ಕೂತಿದ್ದರು. ಇನ್ನೇನು, "ಮ್ಯಾಟ್ರು ಆಯ್ತೇನ್ಲಾ?" ಎನ್ನುತ್ತಾರೆ ಎಂದು ಮಲ್ಲೇಶನಿಗೆ ಅನ್ನಿಸಿತು. ಮುಖ ನೋಡಲಾಗದೆ ಪಾದ ಹಿಡಿದು ಕೂತ. ಹೇಳಬೇಕೆಂದಿದ್ದ ಮಾತು ಹಾಗೇ ಉಳಿಯಿತು. ಇನ್ನು ಅದನ್ನು ಕೇಳುವ ಕಿವಿಯಿಲ್ಲ.

ಮಣ್ಣು ಮಾಡಿ ಬಂದ ಮಾರನೆಯ ದಿನ ಬಸವಪ್ರಸಾದ್ ಪ್ರೆಸ್ಸಿನ ಬಾಗಿಲು ತೆಗೆದ. "ಮಲ್ಲೇಶಣ್ಣ, ಊರಿಗೆಲ್ಲ ಪುಸ್ತಕ ಮಾಡ್ಕೊಟ್ಟೋರು ದೊಡ್ಡಪ್ಪ. ಅವ್ರ ಗಣಾರಾಧನೆಗೆ ಪುಸ್ತಕ ಚೆಂದಾಗಿ ಬರ್ಬೇಕು."

ಮಲ್ಲೇಶ ಫೈಲು ತೆರೆದ. ಪರದೆಯ ತುಂಬ ಹುಚ್ಚರ ಸಂತೆ. ಸೀಟಿನ ನಂಬರುಗಳು ಹಾಗೇ ಇದ್ದವು, ಕೂತವರು ಬೇರೆಯಾಗಿದ್ದರು. ಪೆನ್‌ಡ್ರೈವು ಸಿಕ್ಕಿಸಿ ಹಳೇ ಫಾಂಟು ಹಾಕಿದ. ಅಕ್ಷರಗಳು ಮಗ್ಗುಲು ಬದಲಿಸಿ ಬೇರೆ ಥರದ ಸಂತೆಯಾದವು. ಆಗ ಅವನಿಗೆ ಹೊಳೆಯಿತು. ಅವನು ಉಳಿಸಿಕೊಂಡಿದ್ದ ಪ್ರತಿ ಕೊನೆಯದಕ್ಕೂ ಹಿಂದಿನ ಸಲ ಸೀಟು ಬದಲಿಸಿದ್ದು. ಪುಸ್ತಕ ಇದ್ದದ್ದು ಕೊನೆಯ ಸಲದ್ದರಲ್ಲಿ, ಅದರ ಮೇಲೆ ತಾನೇ ಹೊಸದನ್ನು ಹೇರಿದ್ದ. ಯಾವ ಅಕ್ಷರ ಎಲ್ಲಿ ಕೂರಿಸಿದ್ದೆ ಎಂದು ಕಣ್ಣು ಮುಚ್ಚಿ ಯೋಚಿಸಿದ. ಎಲ್ಲ ಸಲದ್ದೂ ಒಂದರ ಮೇಲೊಂದು ಬಂದು ಕೂತವು.

ಅಚ್ಚಾದ ಪುಸ್ತಕ ನೋಡಿ ಹೊಸದಾಗಿ ಹೊಡೆಯೋಣವೆಂದರೆ ಪ್ರೆಸ್ಸಿನಲ್ಲಿ ಒಂದು ಪ್ರತಿಯೂ ಇಲ್ಲ. ಸತ್ತವರ ಪುಸ್ತಕ ಅಂಗಡಿಯಲ್ಲಿ ಉಳಿಯಬಾರದು, ಉಳಿದರೆ ಇನ್ನೊಂದು ಸಾವನ್ನು ಕರೆಯುತ್ತದೆ ಎಂದು ಯಜಮಾನರು ಕೆಟ್ಟುಹೋದ ಹಾಳೆಯನ್ನೂ ಕಟ್ಟಿ ಮನೆಯವರಿಗೇ ಕಳಿಸುತ್ತಿದ್ದರು.

ಬಸವಪ್ರಸಾದ್ ಪಕ್ಕದಲ್ಲೇ ನಿಂತಿದ್ದ. ತಪ್ಪಿಸಿಕೊಳ್ಳಲು ಸಂದಿಯಿರಲಿಲ್ಲ. ಮಲ್ಲೇಶ ಪರದೆಯತ್ತ ಮುಖ ಮಾಡಿಯೇ ಎಲ್ಲವನ್ನೂ ಹೇಳಿದ: ಕುರ್ಚಿಯ ಭಯ, ಸೀಟು ಬದಲಿಸಿದ್ದು, ಬಂದವರೆಲ್ಲ ಯಾಕೆ ಓಡಿದರೆಂಬುದು.

ಬಸವಪ್ರಸಾದ್ ಒಂದು ಸ್ಟೂಲು ಎಳೆದು ಕೂತ. "ನಿಮ್ ಕುರ್ಚಿ ತಗೊಂಡು ನಾನೇನ್ ಮಾಡ್ಲಣ್ಣೋ? ಇಡೀ ಪ್ರೆಸ್ಸಿಗೆ ಇರೋದು ಒಂದು ಫ್ಯಾನು. ಅದು ನಿಮ್ ತಲೆ ಮೇಲಿತ್ತು. ಅದ್ಕೆ ಕೂತ್ಕೋತಿದ್ದೆ."

ಮಲ್ಲೇಶ ತಲೆಯೆತ್ತಿ ಫ್ಯಾನು ನೋಡಿದ. ಅದು ಕಿರುಗುಟ್ಟುತ್ತಲೇ ಇತ್ತು.

ಹಂಪಾಪುರಕ್ಕೆ ವಾಪಸಾಗಿದ್ದ ಉಷಾರಾಣಿಗೂ ಫೋನಿನಲ್ಲಿ ಹೇಳಿದ. "ಅಂದ್ರೆ ಇಷ್ಟು ವರ್ಷ ನಿಮ್ಮನ್ನ ಯಾರೂ ಹಿಡ್ಕೊಂಡೇ ಇರ್ಲಿಲ್ಲ," ಎಂದು ಫೋನಿಟ್ಟಳು. ಅವಳು ಇನ್ನು ಕರೆಯುವುದಿಲ್ಲ ಎಂದೇ ಅವನು ಅಂದುಕೊಂಡ.

ಮರುದಿನ ಮೊದಲ ಬಸ್ಸಿಗೆ ಅವಳೇ ಬಂದಿಳಿದಳು. ಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದಳು. ರಟ್ಟಿನ ಮೇಲೆ ಅವಳ ತಂದೆಯ ಫೋಟೊ. ದೇವರ ಗೂಡಿನಲ್ಲಿದ್ದು ಊದುಬತ್ತಿಯ ವಾಸನೆ ಹಿಡಿದಿತ್ತು. "ನಮ್ಮಪ್ಪಾಜಿದು. ನಾನು ಓದ್ತೀನಿ, ನೀವು ಹೊಡೀರಿ. ಕಣ್ಣಾಕಿ ಹೊಡೀರಿ, ಬೆರಳ ಮೇಲೆ ನಂಬಿಕೆ ಬ್ಯಾಡ."

ನಿಜವೇ. ಮಲ್ಲೇಶನ ಬೆರಳುಗಳು ಹಳೇ ಸೀಟುಗಳನ್ನೇ ಹುಡುಕಿಕೊಂಡು ಹೋಗುತ್ತಿದ್ದವು. ಅವಳು ಒಂದೊಂದು ಸಾಲು ಓದಿದಳು, ಅವನು ಕಲಿಯುವ ಹುಡುಗನಂತೆ ತಡಕಾಡಿ ಹೊಡೆದ, ಬಸವಪ್ರಸಾದ್ ತಪ್ಪು ಹಿಡಿದ. ಹೊಸ ಫಾಂಟಿನಲ್ಲಿ ಕ ಒತ್ತಿದರೆ ಕ ಬಂತು. ಕೊನೆಯ ಪುಟ ಮುಗಿದಾಗ ಮಲ್ಲೇಶ ಕುರ್ಚಿಯಿಂದ ಎದ್ದು ಬಸವಪ್ರಸಾದನನ್ನು ಕೂರಿಸಿ, ಯಜಮಾನರ ಹೆಸರನ್ನು ಅವನ ಕೈಯಲ್ಲೇ ಹೊಡೆಸಿದ.

ಗಣಾರಾಧನೆಯ ದಿನ ಊಟ ಮುಗಿಸಿದವರೆಲ್ಲ ಪುಸ್ತಕ ಕಣ್ಣಿಗೊತ್ತಿಕೊಂಡರು. ಸುಂದ್ರಮ್ಮ ಸೆರಗಿನ ಗಂಟು ಬಿಚ್ಚಿ, ಪ್ರೆಸ್ಸಿನ ಬೀಗದ ಕೈ ತೆಗೆದು ಮಲ್ಲೇಶನ ಅಂಗೈಯಲ್ಲಿಟ್ಟರು.

"ಅವ್ರು ಏಳ್ತಿದ್ರು ಕಣಪ್ಪ, ಪ್ರೆಸ್ಸು ಅಂದ್ರೆ ಮಲ್ಲೇಶ ಅಂತ. ನೀನೇ ನಡ್ಸು. ನಿನ್ ಬುಟ್ರೆ ನಮಗ್ಯಾರವ್ರೆ?"

ಅದೇ ಮಾತು. ಅದೇ ಹೋಳಿಗೆ. ಮಲ್ಲೇಶನ ಬೆರಳುಗಳು ತಾವಾಗಿಯೇ ಮಡಿಚಿಕೊಂಡವು. ಉಷಾರಾಣಿ ಎಲೆ ಎತ್ತುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಅವನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ಅಮ್ಮಾವ್ರೇ, ಪ್ರಸಾದ ಅವ್ನೆ," ಎಂದ. "ಈಗ ಆ ಕೆಲ್ಸ ಯಾರ್ ಕೈಲಾದ್ರೂ ಆಯ್ತದೆ." ಬೀಗದ ಕೈ ಬಸವಪ್ರಸಾದನ ಜೇಬಿಗೆ ಹೋಯಿತು.

ಈಗ ಮಲ್ಲೇಶ ಹಂಪಾಪುರದಲ್ಲಿ ಪಂಚಾಯ್ತಿ ಆಫೀಸಿನ ಮುಂದೆ ಅಂಗಡಿ ಇಟ್ಟಿದ್ದಾನೆ. ಮೊದಲ ವಾರ ಪ್ರೆಸ್ಸಿನಿಂದ ಒಂದೇ ಒಂದು ಫೋನು ಬಂತು, ಪಿರಿಯಾಪಟ್ಟಣದ ಕಡೆ ಒಂದು ಸಾವು. ಮಲ್ಲೇಶ ಆಗಲೇ ಚಪ್ಪಲಿ ಮೆಟ್ಟಿದ್ದ.

"ಬತ್ತೀನಿ ಇರು ಪ್ರಸಾದ."

"ಬ್ಯಾಡ ಕಣಣ್ಣ, ಪುಸ್ತಕ ಆಗೋಯ್ತು. ಸುಮ್ನೆ ತಿಳಿಸ್ದೆ."

ಆಮೇಲೆ ಫೋನಿಲ್ಲ. ಉಷಾರಾಣಿ ಬಡಿಸುತ್ತಾಳೆ, ಅವನು ಉಣ್ಣುತ್ತಾನೆ. ಫೋನನ್ನು ಮಾತ್ರ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾನೆ, ಮಧ್ಯೆ ಮಧ್ಯೆ ಎತ್ತಿ ನೋಡುತ್ತಾನೆ. ಮಗಳು ಅದನ್ನು ತೆಗೆದು ಗೂಡಿನಲ್ಲಿಟ್ಟರೆ ಅವನ ಕಣ್ಣು ಗೂಡಿಗೆ ಹೋಗುತ್ತದೆ.

ಅಷ್ಟೇ ಕಥೆ. ನಿಮ್ಮಲ್ಲಿ ಯಾರಾದರೂ ಕೆಲಸದ ಗುಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದರೆ, ಇದನ್ನು ನಿಮ್ಮ ಪಕ್ಕದ ಕುರ್ಚಿಯವನಿಗೆ ಮೊದಲು ಕಳಿಸಿ. ಮಿಕ್ಕವರು ಅವರವರ ಊರಿನ ಗ್ರೂಪಿಗೆ ದಾಟಿಸಿ. ನಡುವೆ ಕತ್ತರಿಸಬೇಡಿ, ಮೊದಲಿನ ಬೈಗುಳವನ್ನೂ ಸೇರಿಸಿಯೇ ಕಳಿಸಿ.