ಡ್ರಮ್ಮಿಗೆ ಬಂದ ಜ್ವರ

"ಕಿಟಕಿ ಹಾಕು ಸುಮಿತಾ! ಮಾರಿಯಕ್ಕ ಹೊರಟ್ಳು!"

ಅಡುಗೆಮನೆಯಿಂದ ಅಮ್ಮ ಶ್ಯಾಮಲಾ ಕೂಗುವುದಕ್ಕೂ ಹೊರಗೆ ಬೆಂಕಿಕಡ್ಡಿ ಗೀರಿದ ಸದ್ದಾಗುವುದಕ್ಕೂ ಸರಿಹೋಯಿತು. ಹೊಸಿಲ ಮೇಲೆ ಕಾಲಾಡಿಸುತ್ತ ಫೋನು ನೋಡುತ್ತಿದ್ದ ಸುಮಿತಾ ಓಡಿಹೋಗಿ ಕಿಟಕಿ ಎಳೆದುಕೊಂಡಳು. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನ ಆ ಲೈನಿನಲ್ಲಿ ಚಿನ್ನದ ಗಣಿಯ ಕಾರ್ಮಿಕರ ಮನೆಗಳು ರೈಲುಡಬ್ಬಿಗಳಂತೆ ಒಂದಕ್ಕೊಂದು ಅಂಟಿಕೊಂಡಿವೆ. ಕೊನೆಯ ಮನೆ ಇವರದು. ಅದರ ಪಕ್ಕದಲ್ಲೇ ಕಸದ ಗುಡ್ಡೆ. ದಿನಾ ಸಂಜೆ ಅದಕ್ಕೆ ಬೆಂಕಿ ಬೀಳುತ್ತದೆ. ಬೇವಿನೆಲೆ, ತರಕಾರಿ ಸಿಪ್ಪೆ, ಹಾಲಿನ ಕವರು, ಎಲ್ಲ ಒಟ್ಟಿಗೆ. ಗಾಳಿ ಯಾವ ಕಡೆ ಬೀಸಿದರೂ ಹೊಗೆಗೆ ಮೊದಲು ಸಿಗುವುದು ಇವರ ಮನೆಯೇ.

ಒಳಗೆ ಮಂಚದ ಮೇಲೆ ಅಪ್ಪ ಪೆರುಮಾಳ್ ಕೆಮ್ಮಲು ಶುರುಮಾಡಿದರು. ಗಣಿಯಲ್ಲಿ ಕಲ್ಲು ಕೊರೆದು ಕೊರೆದು ಎದೆಯಲ್ಲಿ ಧೂಳು ಕೂತ ಮನುಷ್ಯ. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಧೂಳು ಮಾತ್ರ ಜಾಗ ಬಿಟ್ಟಿಲ್ಲ. ಹೊಗೆ ತಾಗಿಸಬೇಡಿ, ಇನ್ನೊಂದು ಸಲ ಉಸಿರು ಕಟ್ಟಿದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಮೇಲ್ ಬಂದ್ರೂ ಸುರಂಗದಲ್ಲೇ ಕೂತಂಗೈತೆ ಕಣ್ಣು," ಎಂದರು ಅಪ್ಪ, ಮುಚ್ಚಿದ ಕಿಟಕಿಯನ್ನೇ ನೋಡುತ್ತ. ಮಗಳನ್ನು ಅವರು ಮುದ್ದಿನಿಂದ ಕರೆಯುವುದೇ ಕಣ್ಣು ಎಂದು.

ಸುಮಿತಾಳ ಕಾಲು ನಿಲ್ಲಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹಾರಿದಳು.

"ಅತ್ತೆ, ಆರ್ಸಿ ಅದನ್ನ! ಅಪ್ಪನ ಜೀವ ಹೋಗ್ತಾ ಐತೆ!"

ಮಾರಿಯಮ್ಮ ಸೊಂಟಕ್ಕೆ ಬೆಂಕಿಪೆಟ್ಟಿಗೆ ಸಿಕ್ಕಿಸಿಕೊಂಡು ತಿರುಗಿದಳು. ಎದುರು ಮನೆಯ ಒಂಟಿ ಹೆಂಗಸು. ಅವಳ ಗಂಡನೂ ಪೆರುಮಾಳರ ಜೊತೆಗೇ ಗಣಿಗೆ ಇಳಿಯುತ್ತಿದ್ದವನು.

"ನನ್ ಮೇಲ್ಯಾಕೆ ಎಗರ್ತೀಯಾ? ಸುಡ್ದೆ ಏನ್ ಮಾಡ್ಲಿ, ಬಾಚಿ ತಲೇಲಿ ಮುಡ್ಕೊಳ್ಲಾ? ಕಸದ ಗಾಡಿ ಮೇನ್ ರೋಡಲ್ಲೇ ಪೀಪಿ ಊದ್ಬುಟ್ಟು ಓಯ್ತದೆ. ಬಿಟ್ರೆ ಅಂದಿ ಬತ್ತದೆ, ನಾಯಿ ಬತ್ತದೆ. ಆವತ್ತು ಇದೇ ಗುಡ್ಡೆಲಿ ಆವು ಬಂದಾಗ ಎಲ್ರೂ ಮಾರಿಯಕ್ಕಾ ಮಾರಿಯಕ್ಕಾ ಅಂತ ನನ್ನೇ ಕೂಗಿದ್ರಲ್ಲ!"

"ಗೊಬ್ಬರ ಮಾಡ್ಬೋದು ಅತ್ತೆ. ಫೋನಲ್ಲಿ ನೋಡಿದೀನಿ."

"ಅಂಗಾದ್ರೆ ಆ ಫೋನಲ್ಲೇ ಕಸಾನೂ ಗುಡಿಸ್ಕೋ, ಓಗು."

ಮರುದಿನವೇ ಸುಮಿತಾ ಮನೆ ಮುಂದಿನ ನೀರಿನ ಡ್ರಮ್ಮುಗಳ ಸಾಲಿನಿಂದ ನೀಲಿಯದೊಂದನ್ನು ಎಳೆದು, ಕಂಬಿ ಕಾಯಿಸಿ ಸುತ್ತಲೂ ತೂತು ಹಾಕಿದಳು. ಬೆಂಗಳೂರಿನ ಕೆಲಸ ಮುಗಿಸಿ ರೈಲಿಳಿದು ಬಂದ ಅಮ್ಮ ಅದನ್ನು ನೋಡಿ ಹಣೆ ಚಚ್ಚಿಕೊಂಡಳು. "ನಲ್ಲಿ ಬರೋ ದಿನ ನೀರನ್ನ ನಿನ್ ಬಾಯಲ್ಲಿ ತುಂಬ್ಸಿಡ್ತೀಯೇನೇ?"

ವಿಡಿಯೋದಲ್ಲಿ ಒಂದು ಪದರ ಸಿಪ್ಪೆ ಹಾಕಿ, ಮೇಲೆ ಒಂದು ಪದರ ಮಣ್ಣು ಹಾಕುತ್ತಿದ್ದರು. ಮಣ್ಣೆಲ್ಲಿ? ಲೈನಿನ ಮುಂದೆ ಬಗೆದರೆ ಬರೀ ಕಲ್ಲು. ಆದರೆ ಲೈನಿನ ಹಿಂದೆ ಎಲ್ಲರೂ ಸೈನೈಡ್ ಗುಡ್ಡ ಎನ್ನುವುದೊಂದಿತ್ತಲ್ಲ! ಆ ಹೆಸರು ಯಾಕೆಂದು ಅವಳು ಯಾವತ್ತೂ ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಕಣ್ಣಮುಂದೆ ಬಿದ್ದುಕೊಂಡಿರುವ ಬೂದುಬಣ್ಣದ ಗುಡ್ಡ, ಪೌಡರಿನಷ್ಟು ನಯ. ಕೇಳುವವರಿಲ್ಲ, ಬೇಕಾದಷ್ಟಿದೆ. ಸುಮಿತಾ ಬಕೆಟ್ಟುಗಳಲ್ಲಿ ಹೊತ್ತು ತಂದು ಸುರಿದಳು.

ಆಮೇಲೆ ಕಾಯುವುದು ಬಾಕಿ. ಅವಳಿಗೆ ಬಾರದ ವಿದ್ಯೆ ಅದೊಂದೇ. ಕಾಲೇಜಿಗೆ ಹೊರಡುವ ಮುಂಚೆ ಮುಚ್ಚಳ ತೆಗೆದು ನೋಡುವಳು, ಬಂದ ತಕ್ಷಣ ತೆಗೆಯುವಳು, ಊಟದ ಮಧ್ಯೆ ಎದ್ದು ಹೋಗಿ ತೆಗೆಯುವಳು. ಕೆಲವೇ ದಿನಗಳಲ್ಲಿ ಮುಚ್ಚಳ ತೆಗೆಯುವ ಅಗತ್ಯವೇ ಉಳಿಯಲಿಲ್ಲ. ಇಲಿ ಸತ್ತಂಥ ವಾಸನೆ ಲೈನಿನ ಆ ತುದಿಗೂ ಮುಟ್ಟಿತು. ಒಳಗೆ ಸಿಮೆಂಟು ಕಲಸಿಟ್ಟಂತೆ ಬೂದು ಕೆಸರು. ತೂತುಗಳಿಂದ ಕಪ್ಪು ನೀರು ಸೋರುತ್ತಿತ್ತು.

"ಏನ್ ಕಣ್ಣು, ಗೊಬ್ಬರ ಬೆಂತಾ? ಊಟಕ್ಕೆ ಎಲೆ ಆಕ್ಲಾ?" ಎಂದಳು ಮಾರಿಯಮ್ಮ. ನಲ್ಲಿ ಹತ್ತಿರದವರೆಲ್ಲ ನಕ್ಕರು.

ಅಪ್ಪ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕೆಸರನ್ನು ಬೆರಳಲ್ಲಿ ತಿಕ್ಕಿ ನೋಡಿದ್ದೇ ಮುಖ ಬದಲಾಯಿತು.

"ಇದು ಗುಡ್ಡದ್ದಾ?"

"ಮಣ್ಣು ಅಂತ..."

"ಮಣ್ಣಲ್ಲ ಕಣಮ್ಮಾ. ನಾವು ಕೆಳಗಿಂದ ಕಳಿಸಿದ ಕಲ್ಲು. ಅದನ್ನ ಹಿಟ್ಟು ಮಾಡಿ, ವಿಷ ಆಕಿ ತೊಳ್ದು, ಚಿನ್ನ ತಕ್ಕೊಂಡು, ಮಿಕ್ಕಿದ್ದನ್ನ ಅಲ್ಲಿ ಬಿಸಾಕವ್ರೆ. ಆ ಗುಡ್ಡದಲ್ಲಿ ಒಂದ್ ಒಳ್ಳೆ ಮರ ನೋಡಿದ್ಯಾ?" ಮಾತು ಮುಗಿಸುವಷ್ಟರಲ್ಲಿ ಉಸಿರು ಸಿಕ್ಕಿಕೊಂಡಿತು. "ನನ್ ಎದೇಲಿರೋದೂ ಅದೇ ಕಲ್ಲಿನ ಪುಡಿ. ಕೈ ತೊಳ್ಕೋ, ಓಗು."

ಸುಮಿತಾ ಕೈ ತೊಳೆದಳು, ಮತ್ತೆ ತೊಳೆದಳು. ಆಮೇಲೆ ಕೈಗೆ ಕವರು ಕಟ್ಟಿಕೊಂಡು, ತಂದದ್ದನ್ನೆಲ್ಲ ತಂದ ಜಾಗಕ್ಕೇ ಹೊತ್ತು ಹಾಕಿದಳು. ಬಟ್ಟೆ ಒಣಗಿಸುವ ನೆಪದಲ್ಲಿ ಮಾರಿಯಮ್ಮ ಅಷ್ಟು ಹೊತ್ತೂ ನೋಡುತ್ತಲೇ ಇದ್ದಳು, ಯಾಕೋ ನಗಲಿಲ್ಲ. ಸಂಜೆ ಬೆಂಕಿ ಮಾತ್ರ ಹಚ್ಚಿದಳು. ಅವತ್ತು ಅಪ್ಪನ ಕೆಮ್ಮು ಕೇಳಲಾಗದೆ ಸುಮಿತಾ ದಿಂಬಿನಡಿ ತಲೆಯಿಟ್ಟುಕೊಂಡಳು.

ಬಂಗಾರಪೇಟೆಯ ಕಾಲೇಜಿನಲ್ಲಿ ಅವಳ ಜೊತೆ ಓದುವ ಲಿಖಿತ ಕಾಮಸಮುದ್ರದ ಕಡೆಯವಳು. ಮನೆಯಲ್ಲಿ ಹಸುಗಳಿವೆ, ಹಿತ್ತಲಲ್ಲಿ ತಿಪ್ಪೆಯಿದೆ. ಸುಮಿತಾ ಅವಳ ಹಿಂದೆಯೇ ಬಸ್ಸು ಹತ್ತಿದಳು. ಲಿಖಿತಳ ಅಜ್ಜಿ ಮುತ್ಯಾಲಮ್ಮ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ತಿಪ್ಪೆ ನೋಡೋಕೆ ಬಸ್ಸತ್ತಿ ಬಂದವ್ಳೆ ನೋಡ್ಲೇ ಲಿಖಿತ! ಏನಮ್ಮಿ, ನಿಮ್ಮೂರಲ್ಲಿ ಸಿನಿಮಾ ಇಲ್ವಾ?"

"ಇಷ್ಟೊಂದು ಸಗಣಿ ಆಕಿದ್ರೂ ಅಷ್ಟು ಗಬ್ಬು ಇಲ್ವಲ್ಲ ಅಜ್ಜಿ, ಹೆಂಗೆ?"

"ನಂಗೇನ್ ಗೊತ್ತು? ಆಕ್ತೀವಿ, ಅದ್ರ ಪಾಡಿಗೆ ಅದಾಯ್ತದೆ. ನಾನೇನ್ ಮೂಸ್ತಾ ಕೂತಿರ್ತೀನಾ?"

ಸುಮಿತಾ ತಿಪ್ಪೆಯ ಸುತ್ತ ಸುತ್ತಿದಳು. ಮುತ್ಯಾಲಮ್ಮ ಒಂದು ಮಂಕರಿ ಸಗಣಿ ಸುರಿದಳು; ಹಿಂದೆಯೇ ಹಸು ತಿಂದು ಬಿಟ್ಟ ರಾಗಿಹುಲ್ಲು, ಅಂಗಳ ಗುಡಿಸಿದ ತರಗು ತಂದು ಅದರ ಮೇಲೆ ಒಗೆದಳು. ಮತ್ತೆ ಸಗಣಿ, ಮತ್ತೆ ತರಗು. ಹಸಿಯ ಮೇಲೆ ಒಣಗಿದ್ದು, ಪ್ರತಿ ಸಲವೂ. ತಿಪ್ಪೆಯ ಬುಡದಲ್ಲಿ ಕೈಹಾಕಿದರೆ ಕಪ್ಪಗೆ, ಪುಡಿಪುಡಿಯಾಗಿ, ತಣ್ಣಗೆ ಇತ್ತು.

ಅಜ್ಜಿ ಕೊಟ್ಟ ಒಂದು ಚೀಲ ಹಳೇ ಗೊಬ್ಬರ ಹೊತ್ತು ಬಸ್ಸು ಹತ್ತಿದಾಗ ಕಂಡಕ್ಟರು ಚೀಲ ತಟ್ಟಿ ನೋಡಿದ. "ಏನಮ್ಮ ಇದು, ಮಣ್ಣಾ? ಎಲ್ಲಾರೂ ಕೆಜಿಎಫ್‌ನಿಂದ ಅಗ್ದು ಒತ್ಕೊಂಡೋದ್ರು, ನೀನೊಬ್ಳೇ ನೋಡು ಒಳಕ್ಕೆ ತಗೊಂಡೋಗ್ತಿರೋಳು!"

ಸೀಟು ಖಾಲಿಯಿದ್ದರೂ ಸುಮಿತಾ ನಿಂತೇ ಬಂದಳು. ಒಣಗಿದ್ದು ಬೇಕು. ಲೈನಿನ ಒಣಗಿದ ಎಲೆಯೆಲ್ಲ ದಿನಾ ಎಲ್ಲಿ ಸೇರುತ್ತದೆ? ಮಾರಿಯತ್ತೆಯ ಮಂಕರಿಯಲ್ಲಿ. ಯಾರನ್ನು ಬೈದಿದ್ದಳೋ ಅವಳನ್ನೇ ಕೇಳಬೇಕು. ಬೆಳಗಿನವರೆಗೂ ಹೊರಳಾಡಿದಳು.

ಬೆಳಿಗ್ಗೆ ಮಾರಿಯಮ್ಮ ಬೇವಿನಮರದ ಕೆಳಗೆ ಬಗ್ಗಿ ಗುಡಿಸುತ್ತಿದ್ದಳು. ಮರದಿಂದ ಈ ತುದಿಯ ತನಕ, ಎಲ್ಲರ ಮನೆ ಮುಂದೆಯೂ. ಇದನ್ನು ಸುಮಿತಾ ದಿನಾ ನೋಡಿದ್ದಳು. ಅವಳನ್ನು ಬಿಟ್ಟು ಬೇರೆ ಯಾರೂ ಗುಡಿಸುವುದಿಲ್ಲ ಎನ್ನುವುದನ್ನು ನೋಡಿದ್ದು ಅವತ್ತೇ.

"ಅತ್ತೆ, ಆ ಎಲೆ ನಂಗೆ ಬೇಕು."

"ಮೊನ್ನೆ ಅದೇ ಎಲೆ ಸುಟ್ಟು ನಿಮ್ಮಪ್ಪನ್ನ ಸಾಯಿಸ್ತಾ ಇದೀನಿ ಅಂದ್ಯಲ್ಲ."

"ಅಂದೆ. ತಪ್ಪಾಯ್ತು."

"ನಾನ್ ಒಂದಿನ ಮಲ್ಗಿದ್ರೆ ಈ ಲೈನು ಏನಾಯ್ತದೆ ಗೊತ್ತಾ? ನನ್ ಪೊರಕೆನ ಇಲ್ಲಿ ಒಬ್ರಾದ್ರೂ ಮುಟ್ಟವ್ರಾ?"

ಸುಮಿತಾ ಪೊರಕೆಯ ಇನ್ನೊಂದು ತುದಿ ಹಿಡಿದಳು. ಮಾರಿಯಮ್ಮ ಬಿಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಎಳೆದಾಡಿದರು.

"ಬಗ್ಗಿ ಗುಡ್ಸು. ನಿಂತ್ಕೊಂಡ್ ಗುಡ್ಸೋಕೆ ನೀನೇನ್ ಮಹಾರಾಣಿನಾ?" ಎಂದು ಮಾರಿಯಮ್ಮ ಕೊನೆಗೆ ಕೈಬಿಟ್ಟಳು. "ಅರ್ಧ ಮಂಕರಿ ಕೊಡ್ತೀನಿ. ಗಬ್ಬೆದ್ರೆ ನಿನ್ ಡ್ರಮ್ಮಿಗೂ ಕಡ್ಡಿ ಗೀರ್ತೀನಿ."

ವಿಷ ತಾಗಿದ ಹಳೆಯದನ್ನು ಬಿಟ್ಟು ಇನ್ನೊಂದು ಡ್ರಮ್ಮಿಗೆ ತೂತು ಹಾಕಿದ್ದಕ್ಕೆ ಅಮ್ಮ ಇನ್ನಷ್ಟು ಬೈದಳು. ಅದರ ತಳಕ್ಕೆ ಅಜ್ಜಿಯ ಗೊಬ್ಬರ ಸುರಿದು, ಸುಮಿತಾ ದಿನಾ ಹಸಿ ಸಿಪ್ಪೆಯ ಮೇಲೆ ಒಣಗಿದ ಎಲೆ ಹಾಕುತ್ತ ಬಂದಳು. ಕವರು ಆರಿಸಿ ಮೇನ್ ರೋಡಿನ ಗಾಡಿಗೆ ಹಾಕುವುದು ಸುಮಿತಾಳ ಪಾಲಿಗೆ ಬಂತು. ಎರಡು ಸಲ ಕಾಲೇಜಿನ ರೈಲು ತಪ್ಪಿತು. ಸಂಜೆಯ ಬೆಂಕಿ ಚಿಕ್ಕದಾಯಿತಾದರೂ ಆರಲಿಲ್ಲ. ಉಳಿದ ಅರ್ಧ ಮಂಕರಿಯನ್ನು ಮಾರಿಯಮ್ಮ ಹಟಕ್ಕೆ ಸುಡುತ್ತಲೇ ಇದ್ದಳು.

ಒಂದು ಸಂಜೆ ಅವಳು ಬೆಂಕಿಪೆಟ್ಟಿಗೆ ಹಿಡಿದು ಬಂದವಳು ಡ್ರಮ್ಮಿನ ಹತ್ತಿರ ನಿಂತಳು. ಬಗ್ಗಿ ಮೂಸಿದಳು. ಮುಚ್ಚಳ ತೆಗೆದು ಎಲೆಯೊಳಗೆ ಕೈಯಿಟ್ಟವಳು ಬೆಚ್ಚಿ ಎಳೆದುಕೊಂಡಳು.

"ಅಯ್ಯೋ ಕಡವುಳೇ! ಸುಮಿತಾ! ನಿನ್ ಡ್ರಮ್ಮಿಗೆ ಜ್ವರ ಬಂದೈತಲ್ಲೇ!"

"ಒಳಗೆ ಕಸ ಬೇಯ್ತಾ ಐತೆ ಅತ್ತೆ."

"ಬೆಂಕಿ ಇಲ್ದೇನಾ?"

ಮತ್ತೆ ಕೈಯಿಟ್ಟಳು, ಮೈ ಮುಟ್ಟಿ ಜ್ವರ ನೋಡುವ ಹಾಗೆ. ತುಂಬ ಹೊತ್ತು ತೆಗೆಯಲೇ ಇಲ್ಲ. ಆಮೇಲೆ ಹಿಂದಿರುಗಿ ಹೋಗಿ, ಸುಡಲೆಂದು ಇಟ್ಟಿದ್ದ ಮಂಕರಿಯನ್ನು ತಂದು ಡ್ರಮ್ಮಿಗೆ ಕವುಚಿದಳು.

ಒಳಗೆ ಅಪ್ಪ ಎಂದಿನಂತೆ ಕಿಟಕಿ ಮುಚ್ಚಿಸಿಕೊಂಡು, ಟವೆಲ್ಲನ್ನು ಮೂಗಿಗೆ ಹಿಡಿದು ಕಾಯುತ್ತಿದ್ದರು. ಹೊಗೆ ಬರಲಿಲ್ಲ. ಟವೆಲ್ಲು ಇಳಿಸಿದರು, ಮತ್ತೆ ಹಿಡಿದರು.

"ಏನ್ ಕಣ್ಣು," ಎಂದರು ಕೊನೆಗೆ, "ಮಾರಿಯಕ್ಕ ಊರಲ್ಲಿಲ್ವಾ ಇವತ್ತು?"

"ಇಲ್ಲೇ ಇದ್ದೀನಿ ಪೆರುಮಾಳೂ!" ಹೊರಗಿನಿಂದಲೇ ಉತ್ತರ ಬಂತು. "ಸಂಜೆ ಒತ್ತು ಕೈಗೆ ಕೆಲ್ಸ ಇಲ್ದಂಗೆ ಮಾಡ್ಬುಟ್ಳು ನಿನ್ ಮಗಳು. ಟೀ ಗೀ ಇದ್ರೆ ಕೊಡೋಕೇಳು!"

ಶ್ಯಾಮಲಾ ಒಲೆ ಹಚ್ಚಲು ಹೋದಳು. ಸುಮಿತಾ ಕಿಟಕಿಯ ಕಡೆ ಓಡಿದಳು, ಆದರೆ ಅಷ್ಟರಲ್ಲಿ ಅಪ್ಪ ಮಂಚದಿಂದಲೇ ಕೈಚಾಚಿ ಚಿಲಕ ತೆಗೆದಾಗಿತ್ತು.