ವೈಮಂಡನ ಕತ್ತರಿ ತಾಗಿದ ಹಾಳೆ

ನಾನೀಗ ಒಂದು ಹಾಳೆ. ಮೊದಲು ಕುರಿಯಾಗಿದ್ದೆ. ನಗಬೇಡಿ! ಏನೂ ತಿಳಿಯದವರನ್ನು ನಿಮ್ಮ ಕಡೆ 'ಕುರಿ' ಎಂದು ಬೈಯುತ್ತಾರಂತೆ. ನಾನು ಹುಟ್ಟಿದ ಇಂಗ್ಲೆಂಡಿನಲ್ಲಿ, ಏಳುನೂರು ವರ್ಷಗಳ ಹಿಂದೆ, ಜನರ ಪಾಪಕ್ಕಾಗಿ ಸತ್ತ ದೇವರ ಮಗನನ್ನೇ ಕುರಿಮರಿ ಎಂದು ಕರೆಯುತ್ತಿದ್ದರು. ಹಾಡಿನಲ್ಲಿ ಕುರಿ, ಪಾದ್ರಿಯ ಪ್ರವಚನದಲ್ಲಿ ಕುರಿ, ಚರ್ಚಿನ ಗೋಡೆಯ ಚಿತ್ರದಲ್ಲೂ ಕುರಿ. ಹೊಟ್ಟೆ ತುಂಬ ಹುಲ್ಲು ಮೇಯುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ನಮಗೆ ಇಷ್ಟು ದೊಡ್ಡ ಮರ್ಯಾದೆ ಯಾಕೆ ಸಿಕ್ಕಿತೋ, ಇವತ್ತಿಗೂ ನನಗೆ ಆಶ್ಚರ್ಯ.

ಯಾರ್ಕ್‌ಷೈರಿನ ಒಂದು ಬೋಳುಗುಡ್ಡದ ಮೇಲೆ, ಈಸ್ಟರ್ ಹಬ್ಬದ ಬೆಳಗ್ಗೆ ನಾನು ಹುಟ್ಟಿದೆ. ಹಿಮ ಬೆರೆತ ಮಳೆ ಸುರಿಯುತ್ತಿತ್ತು. ಕೆಳಗಿನ ಊರಿನಲ್ಲಿ ಚರ್ಚಿನ ಗಂಟೆ ಮೊಳಗುತ್ತಿತ್ತು. ಕುರಿಗಾಹಿ ವೈಮಂಡ್ ಕೆಸರಿನಲ್ಲಿ ಮೊಣಕಾಲೂರಿ ನನ್ನ ತಾಯಿಯ ಪಕ್ಕ ಕೂತಿದ್ದ. ಅವನ ಹೆಂಡತಿ ಗುನಿಲ್ಡ್ ಒಗೆದ ಬಟ್ಟೆ ಉಟ್ಟು, ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು.

"ಏನ್ರೀ, ಇವತ್ತೊಂದು ದಿನ ಚರ್ಚು ತಪ್ಪಿಸಬೇಡಿ ಅಂದಿದ್ದೆನಲ್ಲ!"

"ಕಾಲು ಹೊರಗೆ ಬಂದಿದೆ ಕಣೇ, ತಲೆ ಬಂದಿಲ್ಲ. ಬಿಟ್ಟು ಹೇಗೆ ಬರಲಿ?"

ಆ ದೇಶದಲ್ಲಿ ಆಗ ಕಟ್ಟುನಿಟ್ಟಾದ ಒಂದು ವಿಧಿ ಇತ್ತು. ವರ್ಷದಲ್ಲಿ ಒಮ್ಮೆಯಾದರೂ, ಈಸ್ಟರಿನಲ್ಲಿ, ಪಾದ್ರಿಯೆದುರು ತನ್ನ ಪಾಪ ಹೇಳಿಕೊಂಡು ಚರ್ಚಿನಲ್ಲಿ ಪ್ರಸಾದ ತೆಗೆದುಕೊಳ್ಳಲೇಬೇಕು. ಹಾಗೆ ಮಾಡದೆ ಸತ್ತವನಿಗೆ ಚರ್ಚಿನ ಅಂಗಳದಲ್ಲಿ ಮಣ್ಣಿಲ್ಲ. ಅವನನ್ನು ಬೇಲಿಯಾಚೆ ಹೂಳಬೇಕು. ಕಡೆಯ ತೀರ್ಪಿನ ದಿನ ದೇವರು ಕುರಿಗಳನ್ನು ಬಲಕ್ಕೂ ಆಡುಗಳನ್ನು ಎಡಕ್ಕೂ ನಿಲ್ಲಿಸಿದಾಗ ಬೇಲಿಯಾಚೆಯವರು ಆಡುಗಳ ಕಡೆ ಎಂದು ಜನ ಹೆದರುತ್ತಿದ್ದರು. ಪಾಪ, ಕುರಿಗಾಹಿಯ ಗ್ರಹಚಾರ ನೋಡಿ: ಈಸ್ಟರ್ ಬರುವುದೂ ಕುರಿ ಈಯುವುದೂ ಒಂದೇ ಹೊತ್ತಿಗೆ!

ನಾನು ಹೊರಗೆ ಬಂದೆ, ತಾಯಿ ಕಣ್ಣು ಮುಚ್ಚಿದಳು. ಪಕ್ಕದಲ್ಲಿ ಇನ್ನೊಂದು ಕುರಿ ಸತ್ತ ಮರಿಯನ್ನು ನೆಕ್ಕುತ್ತ ನಿಂತಿತ್ತು. ನನ್ನನ್ನು ಹತ್ತಿರ ಬಿಟ್ಟರೆ ತಲೆಯಿಂದ ಗುದ್ದಿ ಓಡಿಸಿತು. ಆಗ ವೈಮಂಡ್ ಆ ಸತ್ತ ಮರಿಯ ಚರ್ಮ ಸುಲಿದು, ಅಂಗಿ ತೊಡಿಸಿದಂತೆ ನನಗೆ ತೊಡಿಸಿದ. ನನ್ನ ನಾಲ್ಕು ಕಾಲೂ ಅದರ ನಾಲ್ಕು ತೂತಿನಲ್ಲಿ. ಆ ತಾಯಿ ಮತ್ತೆ ಬಂದು ನನ್ನನ್ನು ಮೂಸಿತು. ಅಬ್ಬಾ, ಆ ಗಳಿಗೆ! ನಾನು ನಡುಗುತ್ತಿದ್ದೆ. ಅದು ಇನ್ನೊಮ್ಮೆ ಮೂಸಿ, ಸಣ್ಣಗೆ ಗುರುಗುಟ್ಟಿ, ಕೆಚ್ಚಲು ಬಿಟ್ಟುಕೊಟ್ಟಿತು. ಸತ್ತ ಮರಿಯ ಅಂಗಿಯಿಂದ ನಾನು ಬದುಕಿದೆ.

ಆ ವರ್ಷ ಪಾದ್ರಿ ಆಸ್ಬರ್ಟ್ ವೈಮಂಡನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಬರಿಗಾಲಲ್ಲಿ, ಕೈಯಲ್ಲಿ ಮೇಣದಬತ್ತಿ ಹಿಡಿಸಿ ಚರ್ಚು ಸುತ್ತಿಸಿ, ಆಮೇಲೆ ಪ್ರಸಾದ ಕೊಟ್ಟರು. ಕೆಟ್ಟವರಲ್ಲ ಅವರು. ವಿಧಿಗೆ ಹೆದರುವವರು, ಅಷ್ಟೇ.

ನಾನು ದೊಡ್ಡವಳಾದೆ. ಬೇಸಿಗೆ ಬಂದರೆ ಉಣ್ಣೆ ಕತ್ತರಿಸುತ್ತಿದ್ದರು. ಒಂದು ಸಲ ಗುನಿಲ್ಡ್ ಏನೋ ಹೇಳಿ ನಗಿಸಿದಳು. ವೈಮಂಡನ ಕತ್ತರಿ ಜಾರಿ ನನ್ನ ಪಕ್ಕೆಗೆ ತಾಗಿತು. ಅರಚಿದೆ ನೋಡಿ, ಗುಡ್ಡವೇ ತಿರುಗಿ ನೋಡಬೇಕು! "ತಪ್ಪಾಯ್ತು ಕಣವ್ವ" ಎನ್ನುತ್ತ ಅವನು ಗಾಯ ಕೊಳೆಯದಂತೆ ಮರದ ಡಾಂಬರು ಹಚ್ಚಿದ. ಗಾಯ ಮಾಗಿತು, ಗುರುತು ಉಳಿಯಿತು.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಒಂದು ಚಳಿಗಾಲ ನನ್ನನ್ನು ಕಡಿದರು. ಮಾಂಸ ಊರಿಗೆ, ಚರ್ಮ ಮಠಕ್ಕೆ; ಆಗ ಪುಸ್ತಕ ಬರೆಯುತ್ತಿದ್ದದ್ದು ಕುರಿಯ ಚರ್ಮದ ಮೇಲೆ. ಸುಣ್ಣದ ನೀರಿನಲ್ಲಿ ನೆನೆಹಾಕಿ, ಚೌಕಟ್ಟಿಗೆ ಎಳೆದು ಕಟ್ಟಿ, ಬಾಗಿದ ಚೂರಿಯಿಂದ ಹೆರೆದು ನನ್ನನ್ನು ಬೆಳ್ಳಗಿನ ಹಾಳೆ ಮಾಡಿದರು. ಎಳೆದಾಗ ಆ ಹಳೆಯ ಗಾಯ ಬಿಚ್ಚಿಕೊಂಡು ಬಟಾಣಿಯಷ್ಟು ತೂತು ಬಿತ್ತು. ಎಸೆದುಬಿಡುತ್ತಾರೆ ಎಂದುಕೊಂಡೆ. ಮಠದ ಮುದಿ ಸನ್ಯಾಸಿಯೊಬ್ಬ ತೂತಿನ ಸುತ್ತ ಅಕ್ಷರಗಳನ್ನು ಬಳಸಿಕೊಂಡು ಹೋದ, ಹಳ್ಳ ಬಳಸಿ ನಡೆಯುವ ಹಾಗೆ. ಹೆಬ್ಬಾತಿನ ಗರಿ ನನ್ನ ಮೈಮೇಲೆ ಕಚಗುಳಿ ಇಡುತ್ತಿತ್ತು. ಅವನು ಬರೆಯುತ್ತ ಪಿಸುಗುಟ್ಟುತ್ತಿದ್ದ, ಹಾಗಾಗಿ ನನಗೂ ಕೇಳಿಸಿತು: ಪಾಪಿಗಳು ಸತ್ತ ಕುರಿಮರಿಯ ಅಂಗಿ ತೊಟ್ಟು ತಂದೆಯಾದ ದೇವರ ಮುಂದೆ ನಿಲ್ಲುತ್ತಾರೆ.

ಇದು ನನ್ನ ಕತೆಯಲ್ಲವೇ? ಇವನಿಗೆ ಯಾರು ಹೇಳಿದರು?

ನಾನಿದ್ದ ಪ್ರವಚನದ ಪುಸ್ತಕ ಕೊನೆಗೆ ನಮ್ಮೂರ ಚರ್ಚಿಗೇ ಬಂತು. ಪ್ರತಿ ಈಸ್ಟರಿಗೂ ಆಸ್ಬರ್ಟ್ ನನ್ನನ್ನು ತೆರೆದು ಗಟ್ಟಿಯಾಗಿ ಓದುತ್ತಿದ್ದರು. ಕೇಳಬೇಕಾದ ವೈಮಂಡ್ ಮಾತ್ರ ಹಿಂದಿನ ಸಾಲಿನಲ್ಲಿ ಒಮ್ಮೆ ಇರುತ್ತಿದ್ದ, ಒಮ್ಮೆ ಇರುತ್ತಿರಲಿಲ್ಲ.

ಹೀಗೆ ಅವನು ಮುದುಕನಾದ. ಒಂದು ಈಸ್ಟರಿನಲ್ಲಿ ಮತ್ತೆ ಹಿಮ, ಮತ್ತೆ ಗುಡ್ಡದ ಮೇಲೆ ಈಯುವ ಕುರಿಗಳು. ಅವನು ಇಳಿದು ಬರಲಿಲ್ಲ. ನೆನೆದ ಮೈಯಲ್ಲೇ ಎದೆಗೆ ಚಳಿ ಹತ್ತಿ, ಆ ವಾರದಲ್ಲೇ ಕುರಿರೊಪ್ಪದ ಹುಲ್ಲಿನ ಮೇಲೆ ಸತ್ತುಹೋದ. ಪಾಪ ಹೇಳಿಕೊಂಡಿರಲಿಲ್ಲ, ಪ್ರಸಾದವೂ ಇಲ್ಲ.

ಗುನಿಲ್ಡ್ ಚರ್ಚಿಗೆ ಬಂದಾಗ ಆಸ್ಬರ್ಟ್ ನನ್ನನ್ನೇ ತೆರೆದಿಟ್ಟುಕೊಂಡು ಕೂತಿದ್ದರು.

"ಸ್ವಾಮಿ, ಅವರನ್ನ ಬೇಲಿಯಾಚೆ ಹಾಕ್ತೀರಾ?"

"ನಾನೇನು ಮಾಡಲಿ ತಾಯಿ? ವಿಧಿ ಹಾಗಿದೆ. ಬಿಷಪ್ಪರಿಗೆ ಗೊತ್ತಾದರೆ ನನ್ನನ್ನೂ ಓಡಿಸುತ್ತಾರೆ. ಬೆಳಗಿಂದ ಈ ಪುಸ್ತಕದಲ್ಲಿ ದಾರಿ ಹುಡುಕ್ತಿದ್ದೀನಿ." ಅವರ ಕಣ್ಣು ಕೆಂಪಾಗಿತ್ತು.

ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಒಂದು ಹಿಡಿ ಉಣ್ಣೆ.

"ಸಾಯುವಾಗ ಇದನ್ನ ಹಿಡ್ಕೊಂಡಿದ್ರು. ಕುರಿ ಕಣ್ಣಲ್ಲಿ ಗುರುತು ಹಿಡಿಯಲ್ಲ ಸ್ವಾಮಿ, ಮೂಸಿ ನೋಡುತ್ತೆ. ತನ್ನ ಮರಿ ವಾಸನೆ ಇದ್ರೆ ಪರರ ಮರಿಗೂ ಹಾಲು ಕೊಡುತ್ತೆ. ನನ್ನ ಗಂಡನ ಮೈಯಲ್ಲಿ ಕುರಿಮರಿ ವಾಸನೆ ಬಿಟ್ಟು ಬೇರೇನಿದೆ? ಮೇಲಿರೋ ತಂದೆ ಅವರನ್ನ ಗುದ್ದಿ ಓಡಿಸ್ತಾನಾ?"

ಆಸ್ಬರ್ಟರ ಬೆರಳು ನನ್ನ ಮೇಲಿತ್ತು, ಸರಿಯಾಗಿ ಆ ಕುರಿಮರಿಯ ಅಂಗಿಯ ಸಾಲಿನ ಮೇಲೆ. ಅವರು ಆ ಸಾಲನ್ನು ಗಟ್ಟಿಯಾಗಿ ಓದಿದರು. ಗುನಿಲ್ಡ್ ತಲೆಯಾಡಿಸಿದಳು, ಪಕ್ಕದ ಮನೆಯ ಸುದ್ದಿ ಕೇಳಿದವಳಂತೆ. ಅವರಿಬ್ಬರೂ ಒಟ್ಟಿಗೆ ಅತ್ತುಬಿಟ್ಟರು.

"ಗುಂಡಿ ಬೇಲಿಯೊಳಗೇ ತೋಡಿಸು," ಎಂದರು ಆಸ್ಬರ್ಟ್. "ಚರ್ಚಿನ ಬಾಗಿಲ ಹತ್ತಿರವೇ. ಬಿಷಪ್ಪರು ಕೇಳಿದರೆ ನಾನು ಉತ್ತರ ಹೇಳ್ತೀನಿ."

ಉಣ್ಣೆಯನ್ನು ವೈಮಂಡನ ಕೈಯಲ್ಲಿ ಅವರೇ ಇಟ್ಟರಂತೆ. ಅದರಿಂದ ಒಂದೆಳೆ ತೆಗೆದು ಹೊಸೆದು, ನನ್ನ ಪಕ್ಕೆಯ ತೂತಿನಲ್ಲಿ ಪೋಣಿಸಿ ಗಂಟು ಹಾಕಿದರು. ಆ ತೂತು ಯಾರ ಕತ್ತರಿಯದು ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅಯ್ಯೋ, ನಾಲಿಗೆ ಇದ್ದಿದ್ದರೆ ಕೂಗಿ ಹೇಳುತ್ತಿದ್ದೆ!

ಮುಂದಿನ ವರ್ಷ ಬೇರೆ ಪಾದ್ರಿ ಬಂದರು. ಆಸ್ಬರ್ಟ್ ಎಲ್ಲಿಗೆ ಹೋದರು ಎಂದು ಯಾರೂ ಪುಸ್ತಕಕ್ಕೆ ಹೇಳುವುದಿಲ್ಲವಲ್ಲ.

ಕಾಲ ತಿರುಗಿತು. ಧರ್ಮದ ಜಗಳದಲ್ಲಿ ಪುಸ್ತಕ ಹರಿದು ಚೂರಾಯಿತು. ಉಳಿದದ್ದು ನಾನೊಬ್ಬಳೇ. ಈಗ ಒಂದು ಗ್ರಂಥಾಲಯದ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದೇನೆ. ಬಂದವರು ಅಕ್ಷರ ನೋಡುತ್ತಾರೆ, ತೂತಿನ ಎಳೆಯನ್ನು ಪುಟದ ಗುರುತು ಎಂದುಕೊಂಡು ಮುಂದೆ ಹೋಗುತ್ತಾರೆ. ಮಳೆ ಬರುವ ದಿನ ಪೆಟ್ಟಿಗೆ ತೆರೆದಾಗ ಮಾತ್ರ ಇಲ್ಲಿ ಕೆಲಸ ಮಾಡುವ ಹೆಂಗಸು ಮೂಗರಳಿಸಿ, "ಇನ್ನೂ ಕುರಿ ವಾಸನೆ ಬರುತ್ತೆ!" ಎಂದು ಬೆರಗಾಗುತ್ತಾಳೆ. ನನಗೆ ಖುಷಿಯಾಗುತ್ತದೆ.

ಆ ಕಡೆಯ ತೀರ್ಪಿನ ದಿನ ಇನ್ನೂ ಬಂದಿಲ್ಲ. ವೈಮಂಡ್ ಬಾಗಿಲ ಹತ್ತಿರ ಕಾಯುತ್ತಿದ್ದಾನೆ, ನಾನಿಲ್ಲಿ ಕಾಯುತ್ತಿದ್ದೇನೆ. ನನ್ನ ಮೈಮೇಲಿನ ಅಕ್ಷರ ಓದಲು ನನಗೆ ಬರುವುದಿಲ್ಲ, ಕುರಿ ತಾನೇ. ಆದರೆ ನನ್ನನ್ನು ಈ ಲೋಕಕ್ಕೆ ಎಳೆದು ತಂದ ಕೈಯ ವಾಸನೆ ಬಲ್ಲೆ. ಬಲಕ್ಕೋ ಎಡಕ್ಕೋ ಎಂದು ಕೇಳುವ ಹೊತ್ತು ಬರಲಿ, ಒಂದೇ ಮಾತು ಹೇಳುತ್ತೇನೆ: ಇವನು ನಮ್ಮವನು.